ಸಂಜ್ಞೆ, ಸಂಘ, ಬಳಿ: ಸ್ವಾದಿ ಸೀಮೆಯಲ್ಲಿ ಮನಸ್ಸು ಮತ್ತು ಸಮಾಜದ ಪರಿಭಾಷೆ

ಶಕವರ್ಷ 1526, ಎಂದರೆ ಕ್ರಿ.ಶ. 1604ರಲ್ಲಿ, ಭಟ್ಟಾಕಳಂಕದೇವನು 'ಕರ್ಣಾಟಕ ಶಬ್ದಾನುಶಾಸನ'ವನ್ನು ರಚಿಸಿ ಮುಗಿಸಿದನು. 592 ಸಂಸ್ಕೃತ ಸೂತ್ರಗಳಲ್ಲಿರುವ ಈ ಕನ್ನಡ ವ್ಯಾಕರಣಕ್ಕೆ 'ಭಾಷಾಮಂಜರಿ' ಎಂಬ ವೃತ್ತಿಯೂ 'ಮಂಜರೀಮಕರಂದ' ಎಂಬ ವಿಸ್ತಾರವಾದ ವ್ಯಾಖ್ಯಾನವೂ ಇವೆ. ಕನ್ನಡವು ಶಾಸ್ತ್ರಕ್ಕೆ ಒದಗುವ ಭಾಷೆಯಲ್ಲ, ಆದ್ದರಿಂದ ಅದಕ್ಕೊಂದು ವ್ಯಾಕರಣವೂ ಬೇಕಿಲ್ಲ ಎಂಬ ಆಕ್ಷೇಪವನ್ನು ಭಟ್ಟಾಕಳಂಕನು ಎದುರಿಸಬೇಕಾಯಿತು. ಆತನು ಕೊಟ್ಟ ಉತ್ತರದಲ್ಲಿ ಭಾವಾವೇಶವಿಲ್ಲ, ಸಾಕ್ಷ್ಯವಿದೆ. ತತ್ತ್ವಾರ್ಥ ಮಹಾಶಾಸ್ತ್ರಕ್ಕೆ ಕನ್ನಡದಲ್ಲಿ 'ಚೂಡಾಮಣಿ' ಎಂಬ 96,000 ಗ್ರಂಥಪ್ರಮಾಣದ ವ್ಯಾಖ್ಯಾನವಿದೆಯೆಂದು ಆತನು ತೋರಿಸುತ್ತಾನೆ. ಆಗಮ, ತರ್ಕ, ಕಾವ್ಯ, ನಾಟಕ, ಅಲಂಕಾರ, ಕಲಾಶಾಸ್ತ್ರಗಳ ಕನ್ನಡ ಗ್ರಂಥಗಳನ್ನೂ ನೆನಪಿಸುತ್ತಾನೆ. ಚೂಡಾಮಣಿ ಇಂದು ದೊರೆಯುವುದಿಲ್ಲ.

ಆ ನಷ್ಟವನ್ನು ಸಾಮಾನ್ಯವಾಗಿ ಸಾಹಿತ್ಯಚರಿತ್ರೆಯ ನಷ್ಟವೆಂದು ಮಾತ್ರ ಎಣಿಸಲಾಗಿದೆ. ಆದರೆ ತತ್ತ್ವಾರ್ಥಸೂತ್ರದ ಮೊದಲೆರಡು ಅಧ್ಯಾಯಗಳ ವಿಷಯ ಯಾವುದೆಂದು ನೋಡಿದರೆ ನಷ್ಟದ ಇನ್ನೊಂದು ಮುಖ ಕಾಣುತ್ತದೆ. ಅರಿವು ಹೇಗೆ ಹುಟ್ಟುತ್ತದೆ, ಇಂದ್ರಿಯಕ್ಕೂ ಮನಸ್ಸಿಗೂ ಏನು ಸಂಬಂಧ, ನೆನಪು ಎಂದರೇನು, ಮನಸ್ಸುಳ್ಳ ಜೀವಿ ಯಾವುದು ಎಂಬುವೇ ಅಲ್ಲಿನ ಪ್ರಶ್ನೆಗಳು. ಇಂದಿನ ಮನೋವಿಜ್ಞಾನದ ಪ್ರವೇಶ ಪಠ್ಯಪುಸ್ತಕದ ಮೊದಲ ಐದಾರು ಅಧ್ಯಾಯಗಳು ಎತ್ತಿಕೊಳ್ಳುವುದೂ ಇವನ್ನೇ. ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಚರ್ಚಿಸಿದ ಒಂದು ಬೃಹದ್ಗ್ರಂಥದೊಂದಿಗೆ ಅದಕ್ಕೆ ಬೇಕಾದ ಕನ್ನಡ ಪರಿಭಾಷೆಯೂ ಹೋಯಿತು. ಉಳಿದದ್ದು ಸಂಸ್ಕೃತ-ಪ್ರಾಕೃತ ಮೂಲಗಳಲ್ಲಿ, ಜೈನ ಕಾವ್ಯಗಳ ಒಳಗೆ, ಮತ್ತು ಮಠಗಳ ಪಾಠಪರಂಪರೆಯಲ್ಲಿ.

ಭಟ್ಟಾಕಳಂಕನ ಗುರು ಅಕಳಂಕದೇವನು ಸಂಗೀತಪುರದ, ಎಂದರೆ ಇಂದಿನ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ, ಮಠಾಧಿಪತಿ. ಘಟ್ಟದ ಮೇಲೆ, ಶಿರಸಿ ತಾಲ್ಲೂಕಿನ ಸೋಂದಾದಲ್ಲಿರುವ ಸ್ವಾದಿ ದಿಗಂಬರ ಜೈನ ಮಠದ ಭಟ್ಟಾರಕರು ಇಂದಿಗೂ ಭಟ್ಟಾಕಳಂಕರೆಂಬ ಅಭಿಧಾನವನ್ನೇ ಧರಿಸುತ್ತಾರೆ. ಈ ಹೆಸರಿನ ಬೇರು ಎಂಟನೆಯ ಶತಮಾನದ ಮಹಾತಾರ್ಕಿಕ ಅಕಲಂಕನಲ್ಲಿದೆ. ತತ್ತ್ವಾರ್ಥಕ್ಕೆ 'ರಾಜವಾರ್ತಿಕ'ವನ್ನು ಬರೆದವನು ಆತನೇ. ಸಿದ್ದಾಪುರ ತಾಲ್ಲೂಕಿನ ಬಿಳಗಿಯಲ್ಲಿ ರತ್ನತ್ರಯ ಬಸದಿಯಿದೆ. ಬನವಾಸಿಯ ಕದಂಬರ ಕಾಲದಿಂದಲೂ ಈ ಸೀಮೆಗೆ ಜೈನಸಂಘಗಳ ನಂಟಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಈ ಕಾಡುನಾಡಿನಲ್ಲಿ ಮನಸ್ಸಿನ ಬಗೆಗೂ ಸಮಾಜದ ಬಗೆಗೂ ಎರಡು ಪರಿಭಾಷೆಗಳು ಬಹುಕಾಲ ಬಾಳಿದವು: ಒಂದು ಮಠದ ಶಾಸ್ತ್ರದ್ದು, ಇನ್ನೊಂದು ತೋಟ, ಗದ್ದೆ, ಕೇರಿಗಳದ್ದು. ಮೂರನೆಯದು ಕಳೆದ ಶತಮಾನದಲ್ಲಿ ಪಠ್ಯಪುಸ್ತಕದೊಂದಿಗೆ ಬಂದಿತು.

ಆ ಮೂರನೆಯದರ ಬರವಿನ ಕಥೆ ಚಿಕ್ಕದು. ವುಂಟ್ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದದ್ದು 1879ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಮುಂದೆ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದವರೂ ಇವರೇ. ಉತ್ತರ ಕನ್ನಡವು 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಇಲ್ಲಿಯ ವಿದ್ಯಾರ್ಥಿಗಳಿಗೆ ಸಮಾಜಶಾಸ್ತ್ರದ ದಾರಿ ಮುಂಬಯಿಯದು. ಅಲ್ಲಿ 1919ರಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ಸಮಾಜಶಾಸ್ತ್ರ ವಿಭಾಗವನ್ನು ಸ್ಥಾಪಿಸಿದರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಆ ದಾರಿ ಧಾರವಾಡದ ಮೂಲಕ ಹಾಯಿತು. ಪಾಠ ಇಂಗ್ಲಿಷಿನಲ್ಲಿದ್ದಷ್ಟು ಕಾಲ ಪರಿಭಾಷೆಯ ಚಿಂತೆಯಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಪುಸ್ತಕಗಳು ಬೇಕಾದಾಗ ಅನುವಾದಕರು ಪ್ರತಿ ಇಂಗ್ಲಿಷ್ ಪದದ ಎದುರು ಒಂದು ಸಂಸ್ಕೃತ ಪದವನ್ನು ಇಡುತ್ತ ಹೋದರು. ಅವರ ಶ್ರಮ ಸಣ್ಣದಲ್ಲ. ಅವರಿಲ್ಲದೆ ಹಳ್ಳಿಯ ವಿದ್ಯಾರ್ಥಿಗೆ ಈ ಶಾಸ್ತ್ರಗಳ ಬಾಗಿಲೇ ತೆರೆಯುತ್ತಿರಲಿಲ್ಲ. ಆದರೆ ಅವರು ಆರಿಸಿಕೊಂಡ ಪದಗಳಲ್ಲಿ ಅನೇಕವು ಖಾಲಿ ಪಾತ್ರೆಗಳಾಗಿರಲಿಲ್ಲ. ಅವುಗಳಲ್ಲಿ ಸಾವಿರ ವರ್ಷಗಳ ಅರ್ಥ ತುಂಬಿತ್ತು, ಹೊಸ ಅರ್ಥವನ್ನು ಅದರ ಮೇಲೆಯೇ ಸುರಿಯಲಾಯಿತು.

'ಪ್ರತ್ಯಕ್ಷ' ಎಂಬ ಮಾತನ್ನೇ ನೋಡಬಹುದು. ಪಠ್ಯಪುಸ್ತಕವು ಇಂದ್ರಿಯಕ್ಕೆ ತಾಗಿದ ಪ್ರಚೋದನೆಯನ್ನು 'ಸಂವೇದನೆ' ಎಂದೂ, ಅದಕ್ಕೆ ಮನಸ್ಸು ಕೊಡುವ ಅರ್ಥವನ್ನು 'ಪ್ರತ್ಯಕ್ಷಾನುಭವ' ಎಂದೂ ಕರೆಯುತ್ತದೆ. ಪ್ರಾಚೀನ ಜೈನ ಸಿದ್ಧಾಂತದಲ್ಲಿ ಕಣ್ಣು-ಕಿವಿಗಳಿಂದ ಬಂದ ಅರಿವು ಪ್ರತ್ಯಕ್ಷವೇ ಅಲ್ಲ, ಅದು ಪರೋಕ್ಷ. ಆತ್ಮವು ಪರಸಹಾಯವಿಲ್ಲದೆ ನೇರವಾಗಿ ಅರಿತದ್ದು ಮಾತ್ರ ಪ್ರತ್ಯಕ್ಷ: ಅವಧಿ, ಮನಃಪರ್ಯಯ, ಕೇವಲ ಎಂಬ ಜ್ಞಾನಗಳು. ಇಂದ್ರಿಯವು ನಡುವೆ ಬಂದ ಮಧ್ಯವರ್ತಿ. ಲೋಕದ ರೂಢಿ ಇದಕ್ಕೆ ವಿರುದ್ಧವಾಗಿತ್ತು, ಇತರ ದರ್ಶನಗಳ ತಾರ್ಕಿಕರೂ ಇದಕ್ಕೆ ಒಪ್ಪುತ್ತಿರಲಿಲ್ಲ. ಅಕಲಂಕನು ಇದಕ್ಕೊಂದು ಹೊಂದಾಣಿಕೆಯನ್ನು ಪ್ರತಿಷ್ಠಾಪಿಸಿದನು. ಇಂದ್ರಿಯಜ್ಞಾನವನ್ನು 'ಸಾಂವ್ಯವಹಾರಿಕ ಪ್ರತ್ಯಕ್ಷ', ವ್ಯವಹಾರದ ಮಟ್ಟಿಗೆ ಪ್ರತ್ಯಕ್ಷ, ಎಂದು ಅಂಗೀಕರಿಸಿ, ಆತ್ಮಸಾಪೇಕ್ಷವಾದುದನ್ನು ಮುಖ್ಯ ಪ್ರತ್ಯಕ್ಷವೆಂದು ಉಳಿಸಿಕೊಂಡನು. ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮಗಳು ಪರೋಕ್ಷ ಪ್ರಮಾಣಗಳಾದವು. ನೆನಪನ್ನು ಪ್ರಮಾಣದ ಪಂಕ್ತಿಯಲ್ಲಿ ಕೂರಿಸಿದ ಧೈರ್ಯ ಜೈನ ತರ್ಕದ್ದು. ಬೇರೆ ದರ್ಶನಗಳಲ್ಲಿ ಅದಕ್ಕೆ ಆ ಗೌರವ ಸಿಕ್ಕಿದ್ದು ವಿರಳ. ಪಂಪನ 'ಆದಿಪುರಾಣ'ದಂಥ ಕಾವ್ಯಗಳಲ್ಲಿ ದೇವತೆಗಳೂ ಮುನಿಗಳೂ ಅವಧಿಜ್ಞಾನದಿಂದ ಹಿಂದಿನ ಭವಗಳನ್ನು ಕಾಣುವ ಸಂದರ್ಭಗಳನ್ನು ಓದುವ ವಿದ್ಯಾರ್ಥಿಯು ಈ ವಿಭಾಗವನ್ನು ಅರಿಯದೆ ಹೋದರೆ, ಅಲ್ಲಿ ಕಾಣುವುದು ಎಂದರೇನೆಂಬುದೇ ತಪ್ಪುತ್ತದೆ.

ಇಂದ್ರಿಯಜ್ಞಾನದ ಒಳಗೂ ಆ ಪರಂಪರೆ ಹಂತಗಳನ್ನು ಗುರುತಿಸಿತು. ಮೊದಲು ವಿಷಯದ ಬರಿಯ ಇರವಿನ ಅರಿವು, ಅದು ದರ್ಶನ. ಬಳಿಕ ಅವಗ್ರಹ, ಏನೋ ಬಿಳಿಯದು ಇದೆ ಎಂಬ ಹಿಡಿತ. ಬಳಿಕ ಈಹೆ, ಬೆಳ್ಳಕ್ಕಿಯೋ ಬಾವುಟವೋ ಎಂದು ವಿಶೇಷವನ್ನು ತಿಳಿಯುವ ತವಕ. ಬಳಿಕ ಅವಾಯ, ರೆಕ್ಕೆ ಬಡಿಯುತ್ತಿರುವುದರಿಂದ ಬೆಳ್ಳಕ್ಕಿಯೇ ಎಂಬ ನಿಶ್ಚಯ. ಕೊನೆಗೆ ಧಾರಣೆ, ಮುಂದೆ ನೆನಪಾಗಿ ಏಳಬಲ್ಲಂತೆ ಅದನ್ನು ಒಳಗಿಟ್ಟುಕೊಳ್ಳುವುದು. ಅವಗ್ರಹದಲ್ಲಿಯೂ ಎರಡು ಬಗೆ. ವ್ಯಂಜನಾವಗ್ರಹವೆಂದರೆ ವಿಷಯವು ಇಂದ್ರಿಯವನ್ನು ತಾಗಿದ ಅಸ್ಪಷ್ಟ ಕ್ಷಣ. ಅರ್ಥಾವಗ್ರಹವೆಂದರೆ ಅದು ಸ್ಪಷ್ಟವಾದದ್ದು. ಮೊದಲನೆಯದು ಕಣ್ಣಿಗೂ ಮನಸ್ಸಿಗೂ ಇಲ್ಲ, ಏಕೆಂದರೆ ಅವೆರಡೂ ವಿಷಯವನ್ನು ತಾಗದೆಯೇ ಅರಿಯುತ್ತವೆ ಎಂಬುದು ಅವರ ನಿಲುವು. ಬೆಳಕಿನ ಭೌತವಿಜ್ಞಾನ ಬಲ್ಲ ಇಂದಿನವರು ಕಣ್ಣಿನ ಬಗೆಗಿನ ಈ ಮಾತನ್ನು ಒಪ್ಪಲಾರರು. ಆದರೂ 'ಸಂವೇದನೆ' ಮತ್ತು 'ಪ್ರತ್ಯಕ್ಷಾನುಭವ' ಎಂಬ ಎರಡೇ ಕಂಬಗಳ ನಡುವೆ ಪಠ್ಯಪುಸ್ತಕವು ಬಿಟ್ಟ ಜಾಗದಲ್ಲಿ, 'ಈಹೆ'ಯೆಂಬ ಹುಡುಕಾಟಕ್ಕೆ ಹೆಸರಿಟ್ಟು ನಿಲ್ಲಿಸಿದ ಸೂಕ್ಷ್ಮತೆ ಗಮನಾರ್ಹ. ಅನುವಾದಕರು ಇದನ್ನು ಬಳಸಿಕೊಳ್ಳಲಿಲ್ಲ.

ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂಬ ಅಗ್ಗದ ಸಂತೋಷಕ್ಕೆ ಇಲ್ಲಿ ಅವಕಾಶವಿಲ್ಲ. ಲೈಪ್‌ಜಿಗ್‌ನ ಪ್ರಯೋಗಾಲಯದ ಉದ್ದೇಶ ಅಳತೆ. ಅಕಲಂಕನ ಉದ್ದೇಶ ಸಮ್ಯಗ್ಜ್ಞಾನ. ಕರ್ಮ, ಬಂಧ, ಮೋಕ್ಷಗಳ ಚೌಕಟ್ಟನ್ನು ಕಳಚಿಟ್ಟು ಅವಗ್ರಹಾದಿಗಳನ್ನು ಆಧುನಿಕ ಮನೋವಿಜ್ಞಾನದ ಹಳೆಯ ಆವೃತ್ತಿಯೆಂದು ಹೊಗಳುವುದು ಎರಡಕ್ಕೂ ಮಾಡುವ ಅನ್ಯಾಯ. ಪ್ರಶ್ನೆಯಿರುವುದು ಪದಗಳ ವಿಷಯದಲ್ಲಿ. ಅವು ಒಂದು ಶಾಸ್ತ್ರದಿಂದ ಇನ್ನೊಂದಕ್ಕೆ ಹೋದಾಗ ಓದುಗನಿಗೆ ಆ ಪಯಣದ ಸುಳಿವು ಸಿಗಬೇಕು.

ಸುಳಿವು ಸಿಗದಾಗ ಆಗುವ ಗೊಂದಲಕ್ಕೆ 'ಸಂಜ್ಞೆ'ಗಿಂತ ಒಳ್ಳೆಯ ನಿದರ್ಶನವಿಲ್ಲ. ಇಂದಿನ ಕನ್ನಡದಲ್ಲಿ ಸಂಜ್ಞೆಯೆಂದರೆ ಸನ್ನೆ, ಗುರುತು. ವ್ಯಾಕರಣದಲ್ಲಿ ಅದು ಪಾರಿಭಾಷಿಕ ಹೆಸರು. ಭಟ್ಟಾಕಳಂಕನು ಅದನ್ನು ಬಳಸುವುದು ಹೀಗೆ. ತತ್ತ್ವಾರ್ಥವು ಮತಿಜ್ಞಾನದ ಪರ್ಯಾಯಗಳನ್ನು ಹೇಳುವೆಡೆ ಸಂಜ್ಞೆಯೆಂದರೆ ಪ್ರತ್ಯಭಿಜ್ಞಾನ, ಇದು ಅಂದು ಕಂಡದ್ದೇ ಎಂಬ ಗುರುತಿಸುವಿಕೆ. ಅದೇ ಗ್ರಂಥ ಜೀವಿಗಳನ್ನು ವಿಂಗಡಿಸುವೆಡೆ 'ಸಂಜ್ಞಿ' ಎಂದರೆ ಮನಸ್ಸುಳ್ಳ ಜೀವಿ. ಇನ್ನು ಸಿದ್ಧಾಂತಗ್ರಂಥಗಳು ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳನ್ನು ಹೇಳುವಾಗ, ಅದು ಜೀವಮಾತ್ರಕ್ಕೆ ಅಂಟಿಬಂದ ಮೂಲ ಹಂಬಲ. ಪಠ್ಯಪುಸ್ತಕವು 'ಮೂಲ ಪ್ರವೃತ್ತಿ' ಅಥವಾ 'ಸಹಜ ಪ್ರವೃತ್ತಿ' ಎನ್ನುವುದು ಇದಕ್ಕೆ ಸಮೀಪ. ಅದರಲ್ಲಿ ಪರಿಗ್ರಹವನ್ನು, ಕೂಡಿಟ್ಟುಕೊಳ್ಳುವ ಬಯಕೆಯನ್ನು, ಹಸಿವು-ಭಯಗಳ ಸಾಲಿನಲ್ಲಿ ಇಟ್ಟದ್ದು ಅಪೂರ್ವ. ಪಶ್ಚಿಮದ ಪಟ್ಟಿಗಳಲ್ಲಿ ಆಸ್ತಿಯ ಆಸೆ ಇರಬೇಕೇ ಬೇಡವೇ ಎಂಬ ಚರ್ಚೆ ಬಹುಕಾಲ ನಡೆಯಿತು. ಒಂದೇ ಪದ, ಐದು ಅರ್ಥ. ಹಸ್ತಪ್ರತಿಯ ಮುಂದೆ ಕುಳಿತ ಸಂಶೋಧಕನು ಇಂದಿನ ನಿಘಂಟನ್ನಷ್ಟೇ ನಂಬಿದರೆ, ನಾಲ್ಕು ಸಂಜ್ಞೆಗಳು ನಾಲ್ಕು ಸನ್ನೆಗಳಾಗುತ್ತವೆ.

'ಭಾವನೆ'ಯೂ ಹೀಗೆಯೇ. ಈಗ ಅದು ಮನಸ್ಸಿನ ಮಿಡಿತ. ಜೈನ ಪುರಾಣಗಳಲ್ಲಿ ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳೆಂದರೆ ಮತ್ತೆ ಮತ್ತೆ ಮನನಮಾಡಿ ರೂಢಿಸಿಕೊಂಡ ಸಾಧನೆಗಳು. ಉಕ್ಕಿಬರುವುದಲ್ಲ, ಬೆಳೆಸಬೇಕಾದದ್ದು. ಅವನ್ನು ಹದಿನಾರು ಬಗೆಯ ಅನಿಸಿಕೆಗಳೆಂದು ಅರ್ಥೈಸುವುದು ಸುಲಭ, ತಪ್ಪು ದೊಡ್ಡದು.

ಭಾವೋದ್ವೇಗಗಳಿಗೆ ಆ ಶಾಸ್ತ್ರದ ಪದ 'ಕಷಾಯ'. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು. ಶಿರಸಿಯ ಕಡೆಯ ಮನೆಗಳಲ್ಲಿ ಕಷಾಯವೆಂದರೆ ಕೊತ್ತಂಬರಿ-ಜೀರಿಗೆಯ ಬಿಸಿ ಪಾನೀಯ, ಆದ್ದರಿಂದ ಈ ಪದ ಕೇಳಿ ನಗು ಬರುವುದು ಸಹಜ. ಆದರೆ ವ್ಯಾಖ್ಯಾನಕಾರರ ವಿವರಣೆ ಈ ಸೀಮೆಯವರಿಗೆ ಬೇರೆಲ್ಲರಿಗಿಂತ ಚೆನ್ನಾಗಿ ತಿಳಿಯಬೇಕು. ಆಲ ಮೊದಲಾದವುಗಳ ಒಗರು ರಸ ಬಣ್ಣವು ಅಂಟಿಕೊಳ್ಳಲು ಹೇಗೆ ಕಾರಣವೋ, ಹಾಗೆ ಕ್ರೋಧಾದಿಗಳು ಕರ್ಮವು ಆತ್ಮಕ್ಕೆ ಅಂಟಲು ಕಾರಣ. ಅಡಿಕೆಯನ್ನು ಬೇಯಿಸಿದ ಚೊಗರಿನ ಒಗರೇ ಕೆಂಪಡಿಕೆಗೆ ಬಣ್ಣ ಕೊಡುವುದನ್ನು ಪ್ರತಿವರ್ಷ ಕೊಯ್ಲಿನಲ್ಲಿ ಕಾಣುವವರಿಗೆ ಇದು ಬರಿಯ ಉಪಮೆಯಲ್ಲ. ಪ್ರತಿ ಕಷಾಯಕ್ಕೂ ತೀವ್ರತೆಯ ನಾಲ್ಕು ಮೆಟ್ಟಿಲು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ 'ಗೊಮ್ಮಟಸಾರ' ಇವುಗಳಿಗೆ ಕೊಡುವ ಹೋಲಿಕೆಗಳು ಪ್ರಸಿದ್ಧ. ಕ್ರೋಧವು ಬಂಡೆಯ ಮೇಲಿನ ಗೀರು, ನೆಲದ ಮೇಲಿನ ಗೀರು, ಧೂಳಿನ ಗೀರು, ನೀರಿನ ಗೀರು. ಲೋಭವು ಕಿರುಮಂಜಿಯ ಬಣ್ಣ, ಗಾಡಿಯ ಚಕ್ರದ ಕೀಲೆಣ್ಣೆ, ಮೈಯ ಕೊಳೆ, ಅರಿಸಿನ. ಭಾವದ ತೀವ್ರತೆಯನ್ನು ಅದು ಅಳಿಯಲು ಹಿಡಿಯುವ ಕಾಲದಿಂದ ಅಳೆಯುವ ಕ್ರಮ ಇದು. ಸಿಟ್ಟು ಎಷ್ಟು ಜೋರಾಗಿ ಬಂತು ಎಂಬುದಕ್ಕಿಂತ ಎಷ್ಟು ದಿನ ಉಳಿಯಿತು ಎಂಬುದು ಇಲ್ಲಿ ಮುಖ್ಯ.

ಇವುಗಳ ಜೊತೆಗೆ ನೋಕಷಾಯಗಳು ಒಂಬತ್ತು: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು. ಕಾವ್ಯಮೀಮಾಂಸೆಯ ವಿದ್ಯಾರ್ಥಿಗೆ ಈ ಪಟ್ಟಿ ಬೆರಗು ಹುಟ್ಟಿಸಬೇಕು. ಭರತನ ಎಂಟು ಸ್ಥಾಯಿಭಾವಗಳಲ್ಲಿ ಐದು ಇಲ್ಲಿವೆ. ಆರನೆಯದಾದ ಕ್ರೋಧ ಕಷಾಯಗಳಲ್ಲಿದೆ. ಉಳಿಯುವುವು ಉತ್ಸಾಹ ಮತ್ತು ವಿಸ್ಮಯ. ನಾಟ್ಯಶಾಸ್ತ್ರವು ಯಾವುದನ್ನು ರಸವಾಗಿ ಆಸ್ವಾದಿಸಬೇಕೆನ್ನುತ್ತದೆಯೋ ಅದನ್ನೇ ಕರ್ಮಶಾಸ್ತ್ರ ಬಂಧನದ ಅಂಟು ಎನ್ನುತ್ತದೆ. ಹಳಗನ್ನಡದ ಜೈನಕವಿ ಈ ಎರಡು ಶಾಸ್ತ್ರಗಳನ್ನೂ ಓದಿದವನು. ಶೃಂಗಾರವನ್ನು ತುಂಬಿ ಬರೆದು ಕೊನೆಗೆ ವೈರಾಗ್ಯಕ್ಕೆ ತಿರುಗಿಸುವ ಅವನ ಕ್ರಮವನ್ನು ಕೇವಲ ಸಂಪ್ರದಾಯಪಾಲನೆಯೆನ್ನುವ ವಿಮರ್ಶೆ ಈ ಇಕ್ಕಟ್ಟನ್ನು ಕಾಣದೆ ಆಡಿದ ಮಾತು. ಜನ್ನನ 'ಯಶೋಧರಚರಿತೆ'ಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದಕ್ಕೆ ತಾಯಿ-ಮಗ ಭವಭವಗಳಲ್ಲಿ ನೋಯುತ್ತಾರೆ. ಸತ್ತ ಜೀವ ಒಂದೂ ಇಲ್ಲ, ಇದ್ದದ್ದು ಸಂಕಲ್ಪ. ವರ್ತನೆಯನ್ನಷ್ಟೇ ಅಳೆಯುವ ಮನೋವಿಜ್ಞಾನಕ್ಕೆ ಈ ಕಾವ್ಯದ ಬೀಗದ ಕೈ ಸಿಗುವುದಿಲ್ಲ.

ವ್ಯಕ್ತಿತ್ವದ ಮಾದರಿಗಳ ಅಧ್ಯಾಯಕ್ಕೆ ಸರಿದೊರೆಯಾಗಿ ನಿಲ್ಲುವುದು ಲೇಶ್ಯೆಗಳ ವಿಚಾರ: ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ. ಹಣ್ಣು ತುಂಬಿದ ಮರದ ಬಳಿ ಆರು ಮಂದಿ ಹಸಿದವರು ಬಂದ ದೃಷ್ಟಾಂತ ಬಸದಿಗಳ ಚಿತ್ರಗಳಿಂದ ಎಲ್ಲರಿಗೂ ಪರಿಚಿತ. ಒಬ್ಬನು ಬುಡಸಹಿತ ಕಡಿಯೋಣ ಎನ್ನುತ್ತಾನೆ, ಒಬ್ಬನು ಕಾಂಡ, ಒಬ್ಬನು ದೊಡ್ಡ ಕೊಂಬೆ, ಒಬ್ಬನು ಸಣ್ಣ ಕೊಂಬೆ, ಒಬ್ಬನು ಹಣ್ಣು ಮಾತ್ರ ಎನ್ನುತ್ತಾನೆ. ಕೊನೆಯವನು ತಾನಾಗಿ ಬಿದ್ದದ್ದೇ ಸಾಕೆನ್ನುತ್ತಾನೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳಿಗೆ ಗೊಬ್ಬರ ಬರುವುದು ಸೊಪ್ಪಿನ ಬೆಟ್ಟದಿಂದ. ಅಲ್ಲಿ ಹಸಿ ಸೊಪ್ಪು ಕಡಿಯುವವರೂ ಇದ್ದಾರೆ, ಬಿದ್ದ ದರಕು ಗುಡಿಸಿ ತರುವವರೂ ಇದ್ದಾರೆ. ಲೇಶ್ಯೆಯ ಮರ ಅಲ್ಲಿ ದಿನದಿನವೂ ನಿಂತಿದೆ. ಆದರೆ ಬೆಟ್ಟದ ಮರ ಉಳಿಯುವುದು ಕಡಿಯುವವನ ಸ್ವಭಾವದಿಂದ ಮಾತ್ರವಲ್ಲ. ಯಾರ ಬೆಟ್ಟ, ಯಾರ ಹಕ್ಕು, ಎಷ್ಟು ಎತ್ತರದವರೆಗೆ ಸವರಬಹುದು ಎಂಬ ಕಟ್ಟಳೆಗಳೂ ಇವೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಜನರು ಕಳಸೆಯ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತಾಗ, ಒಬ್ಬೊಬ್ಬರ ಲೇಶ್ಯೆಯಿಂದ ಅದನ್ನು ವಿವರಿಸಲಾಗದು. ಅಲ್ಲಿ ಸಮಾಜಶಾಸ್ತ್ರ ಬೇಕಾಗುತ್ತದೆ. ಪಠ್ಯಪುಸ್ತಕದ 'ಸಾಮಾಜಿಕ ಚಳುವಳಿ'ಗೆ ಆ ಜನರು ಕೊಟ್ಟ ಹೆಸರು 'ಅಪ್ಪಿಕೋ'. ಈ ಸೀಮೆಯಿಂದ ಹೊರಟು ಈಗ ಬೇರೆ ಭಾಷೆಗಳ ಪುಸ್ತಕಗಳಲ್ಲೂ ಇರುವ ಕನ್ನಡದ ಒಂದು ಕ್ರಿಯಾಪದ ಅದು.

ಸಮಾಜಶಾಸ್ತ್ರದ ಮೊದಲ ಪಾಠವೇ ಸಮಾಜ, ಸಮುದಾಯ, ಸಂಘ, ಸಂಸ್ಥೆಗಳ ಭೇದ. ಇವುಗಳಲ್ಲಿ ಈ ನೆಲದಲ್ಲಿ ಅತ್ಯಂತ ಹಳೆಯ ದಾಖಲೆಯಿರುವುದು ಸಂಘಕ್ಕೆ. ಐದನೆಯ ಶತಮಾನದಲ್ಲಿ ವೈಜಯಂತಿಯಿಂದ, ಎಂದರೆ ಬನವಾಸಿಯಿಂದ, ಆಳಿದ ಕದಂಬ ಮೃಗೇಶವರ್ಮನು ಒಂದು ಗ್ರಾಮವನ್ನು ಮೂರು ಭಾಗಮಾಡಿ ದಾನಕೊಟ್ಟನು. ಒಂದು ಭಾಗ ಜಿನಾಲಯಕ್ಕೆ, ಒಂದು ಶ್ವೇತಪಟ ಮಹಾಶ್ರಮಣಸಂಘಕ್ಕೆ, ಒಂದು ನಿರ್ಗ್ರಂಥ ಮಹಾಶ್ರಮಣಸಂಘಕ್ಕೆ. ದೇವಗಿರಿಯಲ್ಲಿ ದೊರೆತ ತಾಮ್ರಶಾಸನದ ಈ ಸಂಗತಿಯನ್ನು ಜೈನ ಪಂಥಭೇದದ ಇತಿಹಾಸಕ್ಕಾಗಿ ವಿದ್ವಾಂಸರು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಸಮಾಜಶಾಸ್ತ್ರದ ಕಣ್ಣಿನಿಂದ ಅದರ ಮಹತ್ವ ಬೇರೆ. ಹುಟ್ಟಿನಿಂದಲ್ಲದೆ ವ್ರತದಿಂದ ಸೇರುವ ಒಂದು ಕೂಟ, ಸದಸ್ಯರು ಬದಲಾದರೂ ತಾನು ಉಳಿಯುವ ಕೂಟ, ಭೂಮಿಯ ಒಡೆತನವನ್ನು ತನ್ನ ಹೆಸರಿನಲ್ಲಿ ಪಡೆಯಬಲ್ಲ ಕೂಟ: ಅದು ಸಂಘ. ಮ್ಯಾಕೈವರ್ 1917ರ ತನ್ನ ಗ್ರಂಥದಲ್ಲಿ ಸಮುದಾಯದಿಂದ ಬೇರ್ಪಡಿಸಿ ನಿರೂಪಿಸಿದ ಕೂಟಕ್ಕೆ ಅನುವಾದಕರು 'ಸಂಘ'ವೆಂಬ ಪದವನ್ನಿಟ್ಟದ್ದು ಸರಿಯಾಗಿಯೇ ಇದೆ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರ ಚತುಸ್ಸಂಘದಲ್ಲಿ ಗೃಹಸ್ಥರಿಗೂ ಹೆಣ್ಣುಮಕ್ಕಳಿಗೂ ಹೆಸರುಗೊಂಡ ಸ್ಥಾನವಿತ್ತೆಂಬುದನ್ನೂ ಪಾಠದೊಡನೆ ಹೇಳಿದ್ದರೆ ಇನ್ನೂ ಸರಿಯಾಗುತ್ತಿತ್ತು.

'ಸಮಾಜ'ದ ಸ್ಥಿತಿ ಇಷ್ಟು ಸರಳವಲ್ಲ. ಶಿರಸಿಯ ಪೇಟೆಯಲ್ಲಿ ಸಮಾಜವೆಂದರೆ ಜಾತಿಯ ಕೂಟ: ಹವ್ಯಕ ಸಮಾಜ, ಜೈನ ಸಮಾಜ, ನಾಮಧಾರಿ ಸಮಾಜ. ನಮ್ಮ ಸಮಾಜದವರು ಎಂದರೆ ನಮ್ಮವರು. 'ಸೊಸೈಟಿ' ಎಂದರೆ ಸಹಕಾರಿ ಸಂಘ, ಅಡಿಕೆ ಹಾಕಿ ಸಾಲ ತರುವ ಜಾಗ. 1923ರಲ್ಲಿ ಶಿರಸಿಯಲ್ಲಿ ಸ್ಥಾಪಿತವಾದ ತೋಟಗಾರ್ಸ್ ಸೇಲ್ ಸೊಸೈಟಿಯಂಥದ್ದು. ಜಾತಿಗಳನ್ನೆಲ್ಲ ಒಳಗೊಂಡ, ಯಾರೊಬ್ಬರದೂ ಅಲ್ಲದ ಮಾನವಸಂಬಂಧಗಳ ಜಾಲ ಎಂಬ ಅರ್ಥದಲ್ಲಿ 'ಸಮಾಜ' ಎಂಬುದನ್ನು ವಿದ್ಯಾರ್ಥಿ ಪುಸ್ತಕದಲ್ಲಿ ಮಾತ್ರ ಓದುತ್ತಾನೆ, ಮನೆಗೆ ಹೋದರೆ ಅದೇ ಪದ ಅವನಿಗೆ ತನ್ನ ಜಾತಿಯ ಗಡಿಯನ್ನು ನೆನಪಿಸುತ್ತದೆ. ಪರೀಕ್ಷೆಯ ಉತ್ತರದಲ್ಲಿ ಈ ಬಿರುಕು ಕಾಣದು. ಸಂಶೋಧನೆಯ ಪ್ರಶ್ನಾವಳಿಯಲ್ಲಿ ಸಮಾಜವು ನಿಮಗೆ ಸಹಾಯ ಮಾಡುತ್ತದೆಯೇ ಎಂದು ಕೇಳಿದಾಗ ಕಾಣುತ್ತದೆ, ಏಕೆಂದರೆ ಕೇಳಿದವನ ಸಮಾಜವೇ ಬೇರೆ, ಉತ್ತರಿಸಿದವನ ಸಮಾಜವೇ ಬೇರೆ.

'ಪಾತ್ರ'ದ ಅದೃಷ್ಟ ಉತ್ತಮ. ಅಂತಸ್ತು ಮತ್ತು ಪಾತ್ರಗಳ ಪಾಠವನ್ನು ತಾಳಮದ್ದಳೆ ಕೇಳಿ ಬೆಳೆದ ವಿದ್ಯಾರ್ಥಿಗೆ ವಿವರಿಸಬೇಕಾದದ್ದು ಕಡಿಮೆ. ವೇಷವಿಲ್ಲ, ಬಣ್ಣವಿಲ್ಲ, ಪಂಚೆಯುಟ್ಟು ಕುಳಿತ ಅರ್ಥಧಾರಿ ಮಾತಿನಿಂದಲೇ ಕರ್ಣನಾಗಬೇಕು. ಕರ್ಣನು ಆಡಬಾರದ ಮಾತು ಬಂದರೆ ಶ್ರೋತೃಗಳು ಪಾತ್ರೌಚಿತ್ಯ ಕೆಟ್ಟಿತೆನ್ನುತ್ತಾರೆ. ಪಠ್ಯಪುಸ್ತಕದ 'ಪಾತ್ರ ನಿರೀಕ್ಷೆ' ಎಂಬ ಒರಟು ಅನುವಾದಕ್ಕಿಂತ 'ಔಚಿತ್ಯ' ಎಷ್ಟೋ ಮೇಲು. ಗಾಫ್‌ಮನ್ 1959ರಲ್ಲಿ ದೈನಂದಿನ ಬದುಕನ್ನು ರಂಗಭೂಮಿಯಾಗಿ ನೋಡಿದ್ದು ಇಂಥ ಕೇಳುಗರಿಗೆ ಹೊಸದೆನಿಸದು.

ಹಳ್ಳಿಯ ಪರಿಭಾಷೆಯಲ್ಲಿ ಶಾಸ್ತ್ರದಷ್ಟೇ ಖಚಿತವಾದ ಪದ 'ಬಳಿ'. ಉತ್ತರ ಕನ್ನಡದ ದೀವರು, ಒಕ್ಕಲಿಗರು, ಮುಕ್ರಿಗಳು ಮೊದಲಾದ ಹಲವು ಸಮುದಾಯಗಳಲ್ಲಿ ಜನರು ಬಳಿಗ���ಾಗಿ ಹಂಚಿಹೋಗಿದ್ದಾರೆ. ಒಂದೇ ಬಳಿಯವರು ಅಣ್ಣತಮ್ಮ-ಅಕ್ಕತಂಗಿಯರು, ಅವರೊಳಗೆ ಮದುವೆಯಿಲ್ಲ. ಅನೇಕ ಬಳಿಗಳಿಗೆ ಮರ, ಬಳ್ಳಿ, ಪ್ರಾಣಿಗಳ ಹೆಸರಿದ್ದು, ಆ ಬಳಿಯವರು ಅವುಗಳಿಗೆ ಕೇಡು ಮಾಡದಿರುವ ರೂಢಿಯೂ ಉಂಟು. ತುಳುನಾಡಿನ ಬಂಟರಲ್ಲಿಯೂ ಅಳಿಯಸಂತಾನದ ಜೈನರಲ್ಲಿಯೂ ಇದರ ರೂಪವಾದ 'ಬರಿ' ಇದೆ. ಹಳಗನ್ನಡದ 'ಬೞಿ' ಎಂದರೆ ದಾರಿ, ಹಿಂಬಾಲಿಸುವ ಜಾಡು. ತಮಿಳಿನ 'ವೞಿ'ಗೆ ದಾರಿಯೊಡನೆ ಸಂತತಿಯೆಂಬ ಅರ್ಥವೂ ಇರುವುದನ್ನು ಇದರೊಂದಿಗೆ ಹೋಲಿಸಬಹುದು.

ಕ್ಯಾಂಪ್‌ಬೆಲ್‌ನ ಸಂಪಾದಕತ್ವದಲ್ಲಿ 1883ರಲ್ಲಿ ಹೊರಟ ಕೆನರಾ ಗ್ಯಾಸೆಟಿಯರ್ ಈ ಜಿಲ್ಲೆಯ ಜಾತಿಗಳನ್ನು ಒಂದೊಂದಾಗಿ ವರ್ಣಿಸಿತು. ಎಂಥೋವೆನ್‌ನ 1920-22ರ ಮೂರು ಸಂಪುಟಗಳು ಬಳಿಗಳನ್ನು ಇನ್ನಷ್ಟು ಕ್ರಮವಾಗಿ ದಾಖಲಿಸಿದವು. ಆ ಕಾಲದ ಯುರೋಪಿನ ವಿದ್ವಾಂಸರು ಲೋಕದಲ್ಲೆಲ್ಲ 'ಟೋಟೆಮ್' ಹುಡುಕುತ್ತಿದ್ದರು. ಅದು ಉತ್ತರ ಅಮೆರಿಕದ ಓಜಿಬ್ವಾ ಜನರ ಮಾತು. ಹೀಗೆ ಸಿದ್ದಾಪುರದ ಬಳಿಯು ಓಜಿಬ್ವಾ ಹೆಸರನ್ನು ಹೊತ್ತು ಇಂಗ್ಲಿಷಿಗೆ ಹೋಯಿತು; ಅಲ್ಲಿಂದ 'ಕುಲಚಿಹ್ನೆ', 'ಬಹಿರ್ವಿವಾಹಿ ಗುಂಪು' ಎಂಬ ಹೆಸರುಗಳಲ್ಲಿ ಸಿದ್ದಾಪುರದ ತರಗತಿಗೇ ಮರಳಿತು. ಬಳಿಯುಳ್ಳ ಮನೆಯ ವಿದ್ಯಾರ್ಥಿ ಬಹಿರ್ವಿವಾಹದ ವ್ಯಾಖ್ಯೆಯನ್ನು ಬಾಯಿಪಾಠ ಮಾಡುತ್ತಾನೆ. ಅದು ತನ್ನ ಬಳಿಯ ಮಾತೆಂದು ಅವನಿಗೆ ಹೇಳುವವರಿಲ್ಲ.

ಹೆಸರಿನೊಂದಿಗೆ ವಸ್ತುವೂ ಸ್ವಲ್ಪ ಬದಲಾಯಿತು. ದೀವರಲ್ಲಿ ಬಳಿ ಬರುವುದು ತಾಯಿಯಿಂದ. ಮನೆ, ಜಮೀನುಗಳು ತಂದೆಯಿಂದ. ಮಾತೃವಂಶೀಯ, ಪಿತೃವಂಶೀಯ ಎಂಬ ಎರಡೇ ಪೆಟ್ಟಿಗೆಗಳಿರುವ ಪಾಠದಲ್ಲಿ ಇವರನ್ನು ಎಲ್ಲಿಡಬೇಕು? ಪಿತೃವಂಶೀಯರೆಂದು ಬರೆದರೆ ತಾಯಿಯ ಜಾಡು ಅಳಿಸಿಹೋಗುತ್ತದೆ. ನೆರೆಯ ಗೇರುಸೊಪ್ಪೆಯ ಜೈನ ಅರಸುಮನೆತನದಲ್ಲಿ ಅಳಿಯಂದಿರಿಗೆ ಪಟ್ಟವಾದದ್ದನ್ನೂ, ಚೆನ್ನಭೈರಾದೇವಿ ದೀರ್ಘಕಾಲ ಆಳಿದ್ದನ್ನೂ ಅಪವಾದವೆಂಬಂತೆ ಬರೆದ ಇತಿಹಾಸಗಳಿವೆ. ತಾಯಿಯಿಂದ ಬರುವ ಬಳಿ ಸುತ್ತಲಿನ ಜನಜೀವನದಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂಬುದು ಮನಸ್ಸಿನಲ್ಲಿದ್ದರೆ ಅವು ಅಪವಾದವಾಗಿ ತೋರುತ್ತಿರಲಿಲ್ಲ.

ಪರಿಭಾಷೆಯು ತರಗತಿಯನ್ನು ದಾಟಿ ಬದುಕನ್ನು ಮುಟ್ಟಿದ್ದು ಯಲ್ಲಾಪುರದಲ್ಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ, ಶಿರಸಿಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರು. ಅವರಲ್ಲಿ ಅನೇಕರನ್ನು ತಂದದ್ದು ಗುಲಾಮರಾಗಿ. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ; ಆಡುವುದು ಕನ್ನಡ, ಕೊಂಕಣಿ, ಉರ್ದು. ಒಂದೇ ಧರ್ಮ, ಒಂದೇ ಭಾಷೆ, ತಲೆಮಾರುಗಳಿಂದ ಒಂದೇ ಮೂಲಪ್ರದೇಶ ಎಂದು ಪಠ್ಯಪುಸ್ತಕಗಳು ಬುಡಕಟ್ಟಿಗೆ ಹೇಳುವ ಲಕ್ಷಣಗಳನ್ನು ಒಂದೊಂದಾಗಿ ಒರೆಗೆ ಹಚ್ಚಿದರೆ ಸಿದ್ದಿಗಳು ಒಂದರಲ್ಲಿಯೂ ಪೂರ್ತಿ ಹೊಂದುವುದಿಲ್ಲ. ಆದರೂ ಮೂರು ಧರ್ಮಗಳನ್ನು ಹಾಯ್ದು ತಾವೆಲ್ಲ ಸಿದ್ದಿಗಳೆಂಬ ಅರಿವು, ಹಿರಿಯರ ಆರಾಧನೆ, ಡಮಾಮಿಯ ಕುಣಿತಗಳು ಅವರನ್ನು ಹಿಡಿದಿಟ್ಟಿವೆ. ಟಿ. ಸಿ. ಪಾಲಾಕ್ಷಪ್ಪ ಅವರ ಕುರಿತ ಅಧ್ಯಯನಗ್ರಂಥವನ್ನು 1976ರಲ್ಲಿ ಪ್ರಕಟಿಸಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. ಅಷ್ಟು ವರ್ಷಗಳ ಅರ್ಜಿಗಳ ಹಿಂದೆ ಇದ್ದ ಪ್ರಶ್ನೆ ಒಂದೇ: ಬುಡಕಟ್ಟು ಎಂದರೇನು? ಶಾಲೆಯ ಶುಲ್ಕ, ಭೂಮಿಯ ಹಕ್ಕು, ನೌಕರಿಯ ಮೀಸಲಾತಿ ಇವೆಲ್ಲ ಆ ಒಂದು ಪದದ ವ್ಯಾಖ್ಯೆಗಾಗಿ ಕಾದಿದ್ದವು. 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನಸಭೆಗೆ ಹೋದವರಲ್ಲಿ ಅವರೇ ಮೊದಲಿಗರು. ಹಾಲಕ್ಕಿ ಒಕ್ಕಲಿಗರೂ ಕುಣಬಿಗಳೂ ಅದೇ ಪದದ ಒಳಗೆ ಬರಲು ದಶಕಗಳಿಂದ ಅರ್ಜಿ ಹಾಕುತ್ತಿದ್ದಾರೆ. ಕಡತದ ಪ್ರಶ್ನೆಗಳು ಪಠ್ಯಪುಸ್ತಕದ ಆ ಲಕ್ಷಣಗಳನ್ನೇ ಕೇಳುತ್ತವೆ. ಬಳಿಯ ಮಾತು ಅವುಗಳ ನಡುವೆ ಇಲ್ಲ.